ಗಾಂಜಾ ಗುರುಗಳೂ ನಮ್ಮ ಮನೆಯ ಕರಿಬೇವೂ

ನನ್ನ ಫೋನಿನ ಪ್ರಕಾರ ನಾನೊಬ್ಬ ಗಾಂಜಾ ಬೆಳೆಗಾರ್ತಿ. ದಿನ ಬೆಳಗಾದರೆ ಅದು ನನಗೆ ಗೊಬ್ಬರ, ವಾಸನೆ ಹೊರಗೆ ಬಿಡದ ಡೇರೆ, ಸದ್ದು ಮಾಡದ ಫ್ಯಾನು, ಒಮ್ಮೊಮ್ಮೆ ಒಳ್ಳೆಯ ವಕೀಲರು, ಎಲ್ಲರ ಜಾಹೀರಾತನ್ನೂ ತೋರಿಸುತ್ತದೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಹುಟ್ಟಿ, ದೀಪ ಹಚ್ಚುವ ಹೊತ್ತಿಗೆ ಮನೆ ಸೇರದಿದ್ದರೆ ಬೈಸಿಕೊಂಡು ಬೆಳೆದ ನನಗೆ ನಲವತ್ತು ದಾಟಿದ ಮೇಲೆ ಈ ಕೀರ್ತಿ ಬಂತು. ಬಂದದ್ದು ಸ್ಟಾಕ್‌ಹೋಮ್ ಪಕ್ಕದ ಸುಂಡ್‌ಬೀಬರ್ಯ್ ಎಂಬ ಊರಿನಲ್ಲಿ, ಒಂದು ಕರಿಬೇವಿನ ಗಿಡದ ದೆಸೆಯಿಂದ.

ನಾನು ಇಂಟರ್ನೆಟ್ಟಿನಲ್ಲಿ ಕೇಳಿದ್ದು ಸಾಧುವಾದ ಪ್ರಶ್ನೆ: ಮನೆಯೊಳಗೆ ದೀಪದ ಕೆಳಗೆ ಬೆಳೆಸಿದ ಗಿಡ ತೀರಾ ಎತ್ತರ ಹೋಗದಂತೆ ನೋಡಿಕೊಳ್ಳುವುದು ಹೇಗೆ? ಉತ್ತರ ಕೊಟ್ಟವರೆಲ್ಲ ಗಾಂಜಾದವರು. ತುಳಸಿಯವರು, ಗುಲಾಬಿಯವರು, ಟೊಮೇಟೊದವರು ಯಾರೂ ಈ ವಿಷಯದಲ್ಲಿ ತಲೆ ಕೆಡಿಸಿಕೊಂಡಿಲ್ಲ. ಪಾಪ, ಬಚ್ಚಿಟ್ಟು ಬೆಳೆಸಬೇಕಾದ ಕಷ್ಟ ಅವರಿಗೇನು ಗೊತ್ತು? ಗಾಂಜಾದವರು ಮಾತ್ರ ಕಪಾಟಿನೊಳಗೆ, ಅಟ್ಟದ ಮೇಲೆ, ಸ್ನಾನದ ಮನೆಯ ಮೂಲೆಯಲ್ಲಿ ಬೆಳೆಸಿ ಬೆಳೆಸಿ ಪಾರಂಗತರಾಗಿದ್ದಾರೆ. ಬೆಳಕು ಸಾಲದಿದ್ದಾಗ ಗಿಡ ಅದನ್ನು ಹುಡುಕಿಕೊಂಡು ಉದ್ದುದ್ದ ಬೆಳೆಯುತ್ತದೆ, ದೀಪವನ್ನು ಹತ್ತಿರ ತನ್ನಿ, ಕುಡಿ ಚಿವುಟಿ, ಟೊಂಗೆ ಎಳೆಯದಾಗಿರುವಾಗಲೇ ಬಗ್ಗಿಸಿ ದಾರ ಕಟ್ಟಿ ಎಂದು ಅವರು ಹೇಳುವ ರೀತಿಯಲ್ಲಿ ಎಂಥ ಕರುಣೆ ಇದೆ ಎಂದರೆ, ನನ್ನ ಬಾಣಂತನದಲ್ಲಿ ಕೂಡ ಯಾರೂ ನನ್ನನ್ನು ಅಷ್ಟು ಅಕ್ಕರೆಯಿಂದ ವಿಚಾರಿಸಿರಲಿಲ್ಲ. ನಾನು ಅವರನ್ನು ಗುರುಗಳೆಂದು ಒಪ್ಪಿಕೊಂಡೆ.

ಗಾಂಜಾ ವಿಷಯದಲ್ಲಿ ಅದಕ್ಕೂ ಮೊದಲು ನನಗಿದ್ದ ಜ್ಞಾನ ಅಷ್ಟಕ್ಕಷ್ಟೆ. ನಮ್ಮ ಕ್ವಾರ್ಟರ್ಸಿನ ಹಿಂದಿನ ಸಾಲಿನಲ್ಲಿ ಫರ್ನೇಸ್ ವಿಭಾಗದ ಒಬ್ಬ ಮಾಮ ಇದ್ದರು. ಅವರ ಹಿತ್ತಲಲ್ಲಿ ಜೋಳದ ಮರೆಗೆ ಒಂದು ಗಿಡ ಆಳೆತ್ತರ ಬೆಳೆದು ನಿಂತಿತ್ತು. ಕೇಳಿದವರಿಗೆಲ್ಲ ಅವರು ‘ದನಕ್ಕೆ ಔಷಧಿ ಕಣ್ರಪ್ಪ’ ಎನ್ನುತ್ತಿದ್ದರು. ಅವರ ಮನೆಯಲ್ಲಿ ದನ ಇರಲಿಲ್ಲ. ಆ ಬೀದಿಯಲ್ಲೇ ಇರಲಿಲ್ಲ. ಆದರೂ ಎಲ್ಲರೂ ತಲೆಯಾಡಿಸಿ ಹೋಗುತ್ತಿದ್ದರು, ಮಾಮ ಸಂಜೆಯ ಹೊತ್ತು ಬಲು ಪ್ರಸನ್ನಚಿತ್ತರಾಗಿ ಜಗಲಿಯಲ್ಲಿ ಕೂತಿರುತ್ತಿದ್ದರು.

ಇರಲಿ. ಮೊದಲೇ ಹೇಳಬೇಕಿತ್ತು, ನಮ್ಮ ಮನೆಯ ಕರಿಬೇವು ನನ್ನದಲ್ಲ, ರುಕ್ಸಾನಾಳದು. ನಾವು ಮೊದಲು ಓರೆಬ್ರೂ ಎಂಬ ಊರಿನಲ್ಲಿದ್ದಾಗ ಅವಳು ನಮ್ಮ ಎದುರು ಮನೆಯವಳು. ಬೆಂಗಳೂರಿನ ಶಿವಾಜಿನಗರದ ಹುಡುಗಿ, ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಬರೆಯುವ ಕಂಪನಿಯಲ್ಲಿ ಕೆಲಸ, ಸಾರು ಮಾಡುವುದರಲ್ಲಿ ನನಗಿಂತ ಗಟ್ಟಿಗಿತ್ತಿ. ಲಂಕಾದವರ ಅಂಗಡಿಯಿಂದ ಗೇಣುದ್ದದ ಸಸಿ ತಂದು, ಹೊರಗೆ ಮೊಣಕಾಲುದ್ದ ಹಿಮ ಬಿದ್ದಿದ್ದ ದಿನಗಳಲ್ಲಿ ಅದಕ್ಕೆ ತನ್ನ ಹಳೆಯ ಸ್ವೆಟರ್ ಸುತ್ತಿ ಸಾಕಿದವಳು ಅವಳು. ಆಮೇಲೆ ಅವಳ ವರ್ಕ್ ಪರ್ಮಿಟ್ ನವೀಕರಣಕ್ಕೆ ಬಂತು. ಅವಳ ಕಂಪನಿಯವರು ಯಾವಾಗಲೋ ಅವಳ ಹೆಸರಿಗೆ ಮಾಡಿಸಬೇಕಿದ್ದ ಯಾವುದೋ ವಿಮೆಯನ್ನು ಮರೆತಿದ್ದರಂತೆ. ಕಂಪನಿಯವರು ತಪ್ಪು ನಮ್ಮದು ಎಂದರು, ಅದನ್ನು ಸರಿಯೂ ಮಾಡಿದರು. ಆದರೆ ಸರಿ ಮಾಡಿದ್ದಕ್ಕೆ ಇಲ್ಲಿ ಬೆಲೆಯಿಲ್ಲ, ಕೆಟ್ಟಿತ್ತು ಎಂಬುದಷ್ಟೇ ಲೆಕ್ಕ. ರುಕ್ಸಾನಾ ದೇಶ ಬಿಡಬೇಕಾಯಿತು.

ಸೋಫಾ, ಸೈಕಲ್ಲು, ಮಂಚ ಎಲ್ಲವನ್ನೂ ಅವರಿವರಿಗೆ ಕೊಟ್ಟುಬಿಟ್ಟಳು. ಗಿಡವನ್ನು ಮಾತ್ರ ಕೊಡಲಿಲ್ಲ, ಆಗಲೇ ಸುಂಡ್‌ಬೀಬರ್ಯ್‌ಗೆ ಮನೆ ಬದಲಿಸಲು ಹೊರಟಿದ್ದ ನನ್ನ ಹತ್ತಿರ ಬಿಟ್ಟುಹೋದಳು. “ಲತಾ, ಇದನ್ನ ಸಾಯಿಸ್ಬೇಡ ಕಣೆ. ಫ್ರೆಶ್ ಆಗಿ ಅಪ್ಲೈ ಮಾಡಿ ವಾಪಸ್ ಬರ್ತೀನಿ. ಜಾಸ್ತಿ ಹೈಟ್ ಬಿಡಬೇಡ, ಓರೆಬ್ರೂಗೆ ಟ್ರೈನಲ್ಲಿ ತೊಡೆ ಮೇಲೆ ಇಟ್ಕೊಂಡು ಹೋಗೋ ಹಾಗಿರಬೇಕು” ಎಂದಿದ್ದಳು. ಪ್ರತಿ ಭಾನುವಾರ ವಿಡಿಯೋ ಕಾಲ್ ಮಾಡಿದರೆ ಮೊದಲು ಗಿಡವನ್ನು ತೋರಿಸಬೇಕು, ನನ್ನ ಕ್ಷೇಮಸಮಾಚಾರ ಏನಿದ್ದರೂ ಆಮೇಲೆ. ನನಗೂ ಅದೊಂದು ಹಟವಾಗಿಬಿಟ್ಟಿತ್ತು. ಅವಳು ಬಂದಿಳಿಯುವ ದಿನ ಗಿಡ ಬದುಕಿರಬೇಕು ಮತ್ತು ತೊಡೆಯ ಮೇಲೆ ಕೂರುವಷ್ಟೇ ಇರಬೇಕು.

ಆದರೆ ಇಲ್ಲಿನ ಚಳಿಗಾಲದಲ್ಲಿ ಸೂರ್ಯ ಸರ್ಕಾರಿ ನೌಕರನಂತೆ ತಡವಾಗಿ ಬಂದು ಬೇಗ ಹೋಗುತ್ತಾನೆ. ಅದಕ್ಕೇ ದೀಪ ತಂದೆವು. ನೇರಳೆ ಬಣ್ಣದ ಬೆಳಕಿನ, ಗಿಡಗಳಿಗೆಂದೇ ಮಾಡಿದ ಆಧುನಿಕ ದೀಪ. ಅದಕ್ಕೆ ಸ್ವಿಚ್ಚಿಲ್ಲ. ಸ್ವಿಚ್ಚು ಹಳ್ಳಿಯವರಿಗೆ, ನಮಗೆ ಆ್ಯಪ್ ಇದೆ. ಫೋನಿನಲ್ಲಿ ಒತ್ತಿದರೆ ಆ ಸುದ್ದಿ ಎಲ್ಲೋ ಬೇರೆ ದೇಶದ ಕಂಪ್ಯೂಟರಿಗೆ ಹೋಗಿ, ಅಲ್ಲಿಂದ ಅಪ್ಪಣೆಯಾಗಿ, ನನ್ನ ಮೂಗಿನ ಮುಂದಿರುವ ದೀಪ ಹೊತ್ತಿಕೊಳ್ಳುತ್ತದೆ. ಎರಡು ಚಳಿಗಾಲ ಹೀಗೆ ಹೊತ್ತಿಕೊಂಡಿತು. ಮೂರನೆಯದರಲ್ಲಿ, ನವೆಂಬರಿನ ಒಂದು ಬೆಳಗ್ಗೆ ಹೊತ್ತಿಕೊಳ್ಳಲಿಲ್ಲ.

ಕಂಪನಿಗೆ ಬರೆದೆ. ತಾವು ಅತ್ಯಂತ ವಿಷಾದದಿಂದ ಆ ಮಾಡೆಲ್‌ನ ಆ್ಯಪನ್ನು ನಿಲ್ಲಿಸಿದ್ದೇವೆಂದೂ, ಹೊಸ ಮಾಡೆಲ್ ಇನ್ನೂ ಚೆನ್ನಾಗಿದೆಯೆಂದೂ ಉತ್ತರ ಬಂತು. ಅಂದರೆ ದೀಪಕ್ಕೆ ಏನೂ ಆಗಿರಲಿಲ್ಲ, ಅದಕ್ಕೆ ಅಪ್ಪಣೆ ಕೊಡುವವರು ಇರಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಸಿಟ್ಟು ಮಾಡಿಕೊಳ್ಳುವ ಅರ್ಹತೆ ನನಗೆಷ್ಟಿತ್ತೋ ಕಾಣೆ. ನಾನೂ ಸಾಫ್ಟ್‌ವೇರ್ ಕಂಪನಿಯಲ್ಲೇ ಅನ್ನ ತಿನ್ನುವವಳು. ನನ್ನ ಗಂಡ ಗಿರೀಶನಂತೂ ಹಳೆಯ ಸರ್ವರುಗಳನ್ನು ಹುಡುಕಿ ಹುಡುಕಿ ಮುಚ್ಚಿಸುವುದನ್ನೇ ಕಸುಬು ಮಾಡಿಕೊಂಡವನು. ಎಷ್ಟು ಮನೆಗಳ ದೀಪ ಆರಿಸಿದ್ದಾನೋ ದೇವರಿಗೇ ಗೊತ್ತು.

ನಮ್ಮೂರಿನಲ್ಲಾಗಿದ್ದರೆ ಇದೊಂದು ಸಮಸ್ಯೆಯೇ ಅಲ್ಲ. ಕಾರ್ಖಾನೆಯ ಊರೆಂದರೆ ಮನೆಮನೆಗೂ ಒಬ್ಬ ರಿಪೇರಿಯವನು, ಅವನ ಸಂಬಳ ಮಾತ್ರ ಬೇರೆ ಕೆಲಸಕ್ಕೆ. ನಮ್ಮ ಮನೆಯ ಟೇಬಲ್ ಫ್ಯಾನು ನನಗಿಂತ ಹಿರಿದು. ಅದರ ಮೋಟರಿಗೆ ಹೊಸ ವೈಂಡಿಂಗ್ ಮಾಡಿಸಿದ್ದು ಎಷ್ಟು ಸಲವೋ. ರೆಕ್ಕೆ ಬೇರೆ ಫ್ಯಾನಿನದು, ಬುಡ ಕಾರ್ಖಾನೆಯಲ್ಲಿ ಯಾರೋ ಎರಕ ಹೊಯ್ದು ಕೊಟ್ಟದ್ದು. ಎಷ್ಟು ಭಾರ ಎಂದರೆ ಅದನ್ನು ಎತ್ತಿಡಲು ಅಪ್ಪನೇ ಬೇಕು. ಗಾಳಿಗಿಂತ ಸದ್ದೇ ಜಾಸ್ತಿ. ಫ್ಯಾನು ನಿಂತರೆ ಅಮ್ಮ, “ಕೆಟ್ಟಿದೆ ಅಷ್ಟೆ, ಹಾಳಾಗಿಲ್ಲ” ಎಂದು ಪಕ್ಕಕ್ಕೆ ಎತ್ತಿಡಿಸುತ್ತಿದ್ದಳು. ಅಮ್ಮನ ಮಟ್ಟಿಗೆ ಹಾಳಾದ ವಸ್ತು ಎಂಬುದೇ ಲೋಕದಲ್ಲಿರಲಿಲ್ಲ. ಕುಕ್ಕರಿನ ಹರಿದ ಗ್ಯಾಸ್ಕೆಟ್ಟು ನೀರಿನ ಕೊಡದ ಕೆಳಗೆ ಸಿಂಬಿಯಾಗುತ್ತಿತ್ತು, ಕೊಡೆಯ ಬಟ್ಟೆ ಹೋದರೆ ಕಡ್ಡಿಗಳು ಅವರೆ ಬಳ್ಳಿಗೆ ಚಪ್ಪರವಾಗುತ್ತಿದ್ದವು. ಆಗ ನನಗೆ ಇದೆಲ್ಲ ನಾಚಿಕೆಗೇಡು ಅನ್ನಿಸುತ್ತಿತ್ತು. ಗೆಳತಿಯರ ಮನೆಯಲ್ಲಿ ಹೊಸ ಫ್ಯಾನು ಸದ್ದಿಲ್ಲದೆ ತಿರುಗುವುದನ್ನು ಕಂಡು ಹೊಟ್ಟೆ ಉರಿದುಕೊಂಡಿದ್ದೇನೆ.

ಸ್ವೀಡನ್ನಿನಲ್ಲಿ ಬಿಸಾಡುವುದಕ್ಕೆ ಇರುವ ಶಿಸ್ತು ನೋಡಿದರೆ ನೀವು ಕೈಮುಗಿಯುತ್ತೀರಿ. ನಮ್ಮ ಕಟ್ಟಡದ ಕೆಳಗಿನ ಕಸದ ಕೋಣೆ ನಮ್ಮೂರಿನ ಕಲ್ಯಾಣಮಂಟಪಕ್ಕಿಂತ ಚೊಕ್ಕಟ. ಬಣ್ಣದ ಗಾಜು ಒಂದು ಕಡೆ, ಬಣ್ಣವಿಲ್ಲದ್ದು ಇನ್ನೊಂದು ಕಡೆ, ಸತ್ತ ಟೋಸ್ಟರು, ಮಿಕ್ಸರುಗಳಿಗೆ ಪ್ರತ್ಯೇಕ ಪಂಜರ. ಎಲ್ಲವೂ ಭೂಮಿಯ ಉದ್ಧಾರಕ್ಕೆ. ನಮ್ಮ ದೀಪಕ್ಕೊಂದು ಸ್ವಿಚ್ಚು ಹುಡುಕುತ್ತ ಹೋದ ಗಿರೀಶ ಆ ಪಂಜರದೊಳಗಿದ್ದ ಹಳೆಯ ಟೇಬಲ್ ಲ್ಯಾಂಪೊಂದರ ಸ್ವಿಚ್ಚಿಗೆ ಕೈ ಹಾಕಿದ. ಅಲ್ಲೇ ಹಾಲಿನ ಡಬ್ಬಗಳನ್ನು ಮಡಚುತ್ತಿದ್ದ ಮೂರನೇ ಮಹಡಿಯ ಬಿರ್ಗಿಟ್ಟಾ ಎಂಬ ಹಿರಿಯ ಮಹಿಳೆ, ಬಿಸಾಡಿದ್ದನ್ನು ಎತ್ತಿಕೊಳ್ಳುವುದು ಕಳ್ಳತನವೆಂದು ಬಹಳ ಸೌಮ್ಯವಾಗಿ ಹೇಳಿದರು. ಆಕೆ ಕಟ್ಟಡದ ಸಮಿತಿಯ ಸದಸ್ಯೆ. ಗಿರೀಶ ಕೈ ತೆಗೆದ. ಮನೆಗೆ ಬಂದು ನಮ್ಮದೇ ಟೇಬಲ್ ಲ್ಯಾಂಪಿನ ಸ್ವಿಚ್ಚು ಕಿತ್ತ.

ದೀಪದ ಮೈಯಲ್ಲಿ ಒಂದೇ ಒಂದು ತಿರುಪೂ ಇರಲಿಲ್ಲ. ಬಿಚ್ಚಬಾರದೆಂದೇ ಅಂಟಿಸಿ ಕಳಿಸಿದ್ದರು. ಗಿರೀಶ ಬ್ರೆಡ್ ಕೊಯ್ಯುವ ಚಾಕುವಿನಿಂದ ಅಂಚು ಕೊಯ್ದು, ಆ್ಯಪಿನ ಮಾತು ಕೇಳುವ ಪುಟ್ಟ ಸರ್ಕಿಟ್ ಹಲಗೆಯನ್ನು ಕಿತ್ತುಹಾಕಿ, ತಂತಿಗಳನ್ನು ನೇರವಾಗಿ ಸ್ವಿಚ್ಚಿಗೆ ಕೊಟ್ಟು, ಕಪ್ಪು ಟೇಪು ಸುತ್ತಿ, ಬಟ್ಟೆ ಒಣಗಿಸುವ ಹಗ್ಗದಿಂದ ಮೇಲಕ್ಕೆ ತೂಗುಹಾಕಿದ. ಒತ್ತಿದ ಕೂಡಲೇ ದೀಪ ಹೊತ್ತಿತು.

“ಹೆಂಗೆ?” ಎಂದ, ಸೊಂಟದ ಮೇಲೆ ಕೈಯಿಟ್ಟು.

“ನಮ್ಮಪ್ಪ ಇದ್ದಿದ್ರೆ ನಿಮ್ಮನ್ನ ಫ್ಯಾಕ್ಟ್ರಿಗೆ ಸೇರಿಸ್ಕೋತಿದ್ರು ರೀ” ಎಂದೆ. ಮದುವೆಯಾದ ಮೇಲೆ ನಾನು ಅವನನ್ನು ಅಷ್ಟು ಮನಸಾರೆ ಹೊಗಳಿದ್ದು ಅದೇ ಮೊದಲಿರಬೇಕು.

ಇನ್ನು ನಮ್ಮ ಕನ್ನಡಿಗರ ವಿಷಯ. ಇಲ್ಲಿ ಅಂಗಡಿಯಲ್ಲಿ ಕರಿಬೇವು ಸಿಕ್ಕರೂ ಅದು ಈಜಿಪ್ಟಿನ ಮಮ್ಮಿಯಂತೆ ಒಣಗಿರುತ್ತದೆ. ಹಾಗಾಗಿ ಹತ್ತಿರದಲ್ಲಿರುವ ಕನ್ನಡದ ಮನೆಗಳಿಗೆಲ್ಲ ನಮ್ಮ ಮನೆಯ ಗಿಡವೇ ಗತಿ. ಗುರುಗಳ ಮಾತಿನಂತೆ ನಾನು ಕುಡಿ ಚಿವುಟಿದಷ್ಟೂ ಅದು ಪಕ್ಕಕ್ಕೆ ಪೊದೆಯಾಗಿ ಹಬ್ಬಿ ಎಲೆ ಕೊಡುತ್ತಿತ್ತು. ‘ಅಕ್ಕಾ, ಎಲೆ ಇದ್ಯಾ?’ ಎಂದು ಮೆಸೇಜ್ ಬರುತ್ತದೆ. ‘ಇದೆ, ಬಾ’ ಎಂದು ನಾನು ಹಾಕುತ್ತೇನೆ. ಆಫೀಸಿನಿಂದ ಬರುವಾಗ ಯಾರೋ ಒಬ್ಬ ತಲೆಯ ಮೇಲೆ ಟೋಪಿ ಎಳೆದುಕೊಂಡು ಬರುತ್ತಾನೆ, ಶೂ ಬಿಚ್ಚುವ ಪಂಚಾಯಿತಿ ಬೇಡವೆಂದು ಬಾಗಿಲಲ್ಲೇ ನಿಲ್ಲುತ್ತಾನೆ. ನಾನು ಜಿಪ್ ಕವರಿನಲ್ಲಿ ಹಾಕಿಟ್ಟ ಸೊಪ್ಪನ್ನು ಕೊಡುತ್ತೇನೆ. ಅವನು ಜೇಬಿಗಿಳಿಸಿ, ಸುತ್ತ ಒಮ್ಮೆ ನೋಡಿ, ಹೊರಡುತ್ತಾನೆ. ಅರ್ಧ ಗಂಟೆಯ ನಂತರ ಇನ್ನೊಬ್ಬ. ಕಿಟಕಿಯಲ್ಲಿ ದಿನವಿಡೀ ನೇರಳೆ ಬೆಳಕು. ಮೆಟ್ಟಿಲ ಮೇಲೆ ಘಮಘಮ. ಕಟ್ಟಡದ ಸಮಿತಿಯ ಸದಸ್ಯೆಯೊಬ್ಬರು ಇದನ್ನೆಲ್ಲ ಕೂಡಿಸಿ ನೋಡಿದರೆ ಏನು ಉತ್ತರ ಬರುತ್ತದೆಂದು ಯೋಚಿಸುವ ವ್ಯವಧಾನ ನಮಗೆ, ಅಂದರೆ ಹಗಲೆಲ್ಲ ತರ್ಕವನ್ನೇ ಮಾರಿ ಬದುಕುವವರಿಗೆ, ಇರಲಿಲ್ಲ.

ನಮ್ಮ ಫ್ಲ್ಯಾಟಿನ ಮಾಲೀಕ ಲೆನ್ನಾರ್ಟ್‌ನಿಂದ ಮೆಸೇಜ್ ಬಂತು. ಶನಿವಾರ ಬಿರ್ಗಿಟ್ಟಾ ಜೊತೆಗೆ ಒಂದು ಸಣ್ಣ ಫೀಕಾಕ್ಕೆ ಬರಬಹುದೇ ಎಂದು. ಫೀಕಾ ಎಂದರೆ ಕಾಫಿ, ಜೊತೆಗೆ ಏನಾದರೂ ತಿಂಡಿ, ಜೊತೆಗೆ ಹರಟೆ. ಆದರೆ ಈ ದೇಶದಲ್ಲಿ ಮನೆಯ ಮಾಲೀಕ ತಾನಾಗಿಯೇ ಫೀಕಾಕ್ಕೆ ಬರುತ್ತೇನೆಂದರೆ ಹರಟೆಗಲ್ಲ. ನಾನು ಕೋಡುಬಳೆ ಕರಿದೆ.

ಅವರಿಬ್ಬರೂ ಕಾಫಿ ಮುಗಿಸುವವರೆಗೆ ಹವೆಯ ಬಗ್ಗೆ ಮಾತಾಡಿದರು. ಆಮೇಲೆ ಲೆನ್ನಾರ್ಟ್ ಗಂಟಲು ಸರಿಮಾಡಿಕೊಂಡು, ಒಳಗೆ ಏನೋ ಬೆಳೆಯುತ್ತಿದ್ದೀರಂತೆ, ನೋಡಬಹುದೇ ಎಂದ. ನೋಡಲಿಕ್ಕೇನು, ಅದು ಅವನ ಬೆನ್ನ ಹಿಂದೆಯೇ ಇತ್ತು. ನಾನು ಒಂದು ಎಲೆ ಮುರಿದು ಇಬ್ಬರ ಕೈಗೂ ಕೊಟ್ಟೆ. ಬಿರ್ಗಿಟ್ಟಾ ಅದನ್ನು ಮುಟ್ಟಿದರೆ ಕೇಸಾದೀತೆಂಬಂತೆ ಎರಡೇ ಬೆರಳಲ್ಲಿ ಹಿಡಿದರು. ಲೆನ್ನಾರ್ಟ್ ಮೂಗಿನ ಹತ್ತಿರ ತಂದು, ಕಣ್ಣು ಮುಚ್ಚಿ, ದೀರ್ಘವಾಗಿ ಉಸಿರೆಳೆದುಕೊಂಡು ಹೇಳಿದ: “ಇಲ್ಲ ಬಿರ್ಗಿಟ್ಟಾ, ಇದು ಗಾಂಜಾ ಅಲ್ಲವೇ ಅಲ್ಲ.” ಅಷ್ಟು ಖಾತ್ರಿಯಾಗಿ ಅವನಿಗೆ ಹೇಗೆ ಗೊತ್ತಾಯಿತೆಂದು ನಾವು ಯಾರೂ ಕೇಳಲಿಲ್ಲ.

ನಾನು ತಟ್ಟೆ ಮುಂದೆ ಹಿಡಿದೆ. ಇನ್ನೊಂದು ಕೋಡುಬಳೆ ತೆಗೆದುಕೊಳ್ಳಿ ಎನ್ನುವಷ್ಟರಲ್ಲಿ ಲೆನ್ನಾರ್ಟ್‌ನ ಕಣ್ಣು ಮೇಲಕ್ಕೆ ಹೋಯಿತು. ಕಪ್ಪು ಟೇಪು, ಹಗ್ಗ, ಹೊಟ್ಟೆ ಸೀಳಿದ ದೀಪ. ಗಾಂಜಾ ಎಂದುಕೊಂಡಾಗ ಬದಲಾಗದಿದ್ದ ಅವನ ಮುಖ ಈಗ ಬಿಳಿಚಿಕೊಂಡಿತು.

“ಇದನ್ನು ಯಾರು ಮಾಡಿದ್ದು?”

“ನಾನೇ” ಎಂದ ಗಿರೀಶ, ಬಹುಮಾನ ಕೊಡಲು ಕರೆದಂತೆ ಮುಂದೆ ಬಂದು.

“ನೀನು ಎಲೆಕ್ಟ್ರಿಷಿಯನ್ನಾ?”

“ಅಲ್ಲ. ಆದ್ರೆ ವರ್ಕ್ ಆಗ್ತಿದೆ.”

ಬಿರ್ಗಿಟ್ಟಾ ಕುರ್ಚಿ ಹುಡುಕಿ ಕೂತರು. ಆಕೆಯ ಅನುಮಾನ ಸುಳ್ಳಾಗಿರಲಿಲ್ಲ, ಈ ಮನೆಯಲ್ಲಿ ಅಪರಾಧವೊಂದು ನಡೆದೇ ಇತ್ತು: ಒಂದು ವಸ್ತುವನ್ನು ರಿಪೇರಿ ಮಾಡಲಾಗಿತ್ತು. ಬೆಂಕಿ ಬಿದ್ದರೆ ಎಂದು ಆಕೆ ಕೇಳಿದ್ದು ನ್ಯಾಯವೇ. ಹೊಸದನ್ನೇ ಕೊಂಡು ತರುತ್ತೇವೆ, ಸುರಕ್ಷತೆಯ ಮುದ್ರೆ ಇರುವುದನ್ನೇ ತರುತ್ತೇವೆ ಎಂದು ನಾನು ಬೇಡಿಕೊಂಡೆ. ಎಲ್ಲಕ್ಕೂ ಹೊಸದು ತಗೋ ಎನ್ನುವ ದೇಶ ಇದೊಂದು ಸಲ ಮಾತ್ರ ಬೇಡವೆಂದಿತು. ಸಮಿತಿಯ ತೀರ್ಮಾನ, ನೇರಳೆಯೋ ಹಳದಿಯೋ, ಗಿಡ ಬೆಳೆಸುವ ದೀಪವೇ ಈ ಮನೆಯಲ್ಲಿ ಇರಬಾರದು. ಬಾಡಿಗೆಯ ಒಪ್ಪಂದ ವಸಂತದಲ್ಲಿ ಮುಂದುವರಿಯಬೇಕಾದರೆ ಸಮಿತಿ ಒಪ್ಪಬೇಕು. ನನಗೂ ಬೇರೆ ದಾರಿಯಿಲ್ಲ ಎಂದು ಲೆನ್ನಾರ್ಟ್ ಹೋಗುವಾಗ ಮೆಲ್ಲಗೆ ಹೇಳಿದ. ಕೋಡುಬಳೆ ಚೆನ್ನಾಗಿತ್ತು ಎಂದೂ ಹೇಳಿದ.

ದೀಪ ಇಳಿಯಿತು. ವಾರ ಕಳೆಯುವುದರೊಳಗೆ ಎಲೆಗಳು ಹಳದಿಯಾಗತೊಡಗಿದವು. ನಾನು ಗುರುಗಳ ಮೊರೆಹೊಕ್ಕೆ. ‘ಮನೆಯ ಮಾಲೀಕರಿಗೆ ಗೊತ್ತಾಗಿದೆ, ದೀಪ ತೆಗೆಸಿದ್ದಾರೆ, ಗಿಡ ಉಳಿಸಿಕೊಳ್ಳುವುದು ಹೇಗೆ?’ ಎಂದು ಬರೆದೆ. ಎಲ್ಲೆಲ್ಲಿಂದಲೋ ಸಾಂತ್ವನ ಹರಿದುಬಂತು. ಧೈರ್ಯಗೆಡಬೇಡ ಸೋದರಿ ಎಂದರು, ಕೊಯ್ದುಕೊಂಡು ಊರು ಬಿಡು ಎಂದರು, ಫೋನನ್ನು ನೀರಿಗೆಸೆ ಎಂದೂ ಒಬ್ಬರು ಹೇಳಿದರು. ಇದು ಸಾರಿನ ಒಗ್ಗರಣೆಗೆ ಹಾಕುವ ಸೊಪ್ಪು ಎಂದು ವಿವರಿಸಿದ ಮೇಲೆ ಬಹುಪಾಲು ಗುರುಗಳು ಜಾಗ ಖಾಲಿ ಮಾಡಿದರು. ಕೊನೆಗೆ ಒಬ್ಬ ಗುರು ಕನಿಕರಿಸಿದ. ಅಷ್ಟೊಂದು ಎಲೆಗಳನ್ನು ಸಾಕಲು ಬೆಳಕಿಲ್ಲ ಎಂದ ಮೇಲೆ ಎಲೆಗಳನ್ನೇ ತೆಗೆದುಬಿಡು. ಗೇಣುದ್ದ ಬಿಟ್ಟು ಎಲ್ಲ ಕತ್ತರಿಸು. ನೀರು ಕಡಿಮೆ ಮಾಡು. ಬೇರಿಗೆ ಜೀವ ಇದ್ದರೆ ವಸಂತದಲ್ಲಿ ಬರುತ್ತದೆ, ಇಲ್ಲದಿದ್ದರೆ ಇಲ್ಲ.

ಕತ್ತರಿಸಿದೆ. ನಾನೇ ಬಗ್ಗಿಸಿ ದಾರ ಕಟ್ಟಿದ್ದ ಟೊಂಗೆಗಳವು. ಅಡುಗೆ ಮನೆಯಲ್ಲಿ ಸೊಪ್ಪಿನ ರಾಶಿ ಬಿತ್ತು. ಗಿರೀಶ ಜಿಪ್ ಕವರುಗಳನ್ನು ತಂದು ಪಕ್ಕದಲ್ಲಿಟ್ಟ.

ಮನೆಗೆ ಬಂದು ಪೊಟ್ಟಣ ಒಯ್ಯುವುದು ಇನ್ನು ಕ್ಷೇಮವಲ್ಲ ಎಂದು, ಬುದ್ಧಿವಂತಳಾದ ನಾನು ಎಲ್ಲರಿಗೂ ರೈಲು ನಿಲ್ದಾಣಕ್ಕೇ ಬರಲು ಹೇಳಿದೆ. ಪ್ಲಾಟ್‌ಫಾರ್ಮಿನ ಕಂಬದ ಪಕ್ಕ ನಿಂತು, ರೈಲು ಬಂದಂತೆಲ್ಲ ಇಳಿದವರ ಕೈಗೆ ಒಂದೊಂದು ಜಿಪ್ ಕವರು ತುರುಕುತ್ತಿದ್ದೆ. ಮೂರನೆಯ ರೈಲಿನಿಂದ ಇಳಿದವರಲ್ಲಿ ಬಿರ್ಗಿಟ್ಟಾ ಕೂಡ ಇದ್ದರು. ಕವರನ್ನೂ ನನ್ನನ್ನೂ ನೋಡಿದರು. ನಾನು ನಕ್ಕೆ. ಆಕೆಯೂ ನಗಬೇಕಾಯಿತು, ಇಲ್ಲಿ ಅದು ಕಡ್ಡಾಯ.

ಭಾನುವಾರ ರುಕ್ಸಾನಾಗೆ ಕುಂಡವನ್ನು ತೋರಿಸಿದೆ. ಮಣ್ಣಿನಲ್ಲಿ ನೆಟ್ಟ ಒಣ ಕಡ್ಡಿ. ಅವಳ ಹಿಂದೆ ಆಟೋಗಳ ಹಾರ್ನ್ ಕೇಳುತ್ತಿತ್ತು.

“ಸತ್ತಿಲ್ಲ ಕಣೆ” ಎಂದೆ. “ಕೆರೆದು ನೋಡ್ದೆ, ಒಳಗೆ ಹಸಿರಿದೆ.”

“ತೊಡೆ ಯಾಕೆ, ಹ್ಯಾಂಡ್‌ಬ್ಯಾಗಲ್ಲೇ ಹೋಗುತ್ತೆ ಬಿಡು” ಎಂದು ನಗಿಸಲು ನೋಡಿದಳು. ನನಗೆ ನಗು ಬರಲಿಲ್ಲ. ಆ ಚಳಿಗಾಲವಿಡೀ ಗಿಡವನ್ನು ತೋರಿಸು ಎಂದು ಅವಳು ಕೇಳಲೂ ಇಲ್ಲ, ನಾನು ತೋರಿಸಲೂ ಇಲ್ಲ. ಬೇರೆ ಏನೇನೋ ಮಾತಾಡುತ್ತಿದ್ದೆವು.

ಏಪ್ರಿಲಿನಲ್ಲಿ ಒಪ್ಪಂದ ಮುಂದುವರಿಯಿತು. ಆ ಹೊತ್ತಿಗೆ ಕಿಟಕಿಗೆ ಬಿಸಿಲು ಬರತೊಡಗಿತ್ತು. ಒಂದು ಬೆಳಗ್ಗೆ ಕಡ್ಡಿಯ ಬದಿಯಲ್ಲಿ ಸಾಸಿವೆಯಷ್ಟು ಹಸಿರು ಕಂಡಿತು. ನಾಲ್ಕು ದಿನ ಯಾರಿಗೂ ಹೇಳಲಿಲ್ಲ, ದೃಷ್ಟಿಯಾದೀತೆಂದು. ಅದು ಚಿಗುರೆಂದು ಖಾತ್ರಿಯಾಗಿ, ಬೆರಳುದ್ದವಾಗಿ, ಗುರುಗಳ ಪ್ರಕಾರ ಕುಡಿ ಚಿವುಟುವ ಹದಕ್ಕೆ ಬಂದ ಮೇಲೆ ನಾನೇ ರುಕ್ಸಾನಾಗೆ ಫೋನ್ ಮಾಡಿದೆ. ಫೋನನ್ನು ಗೋಡೆಗೆ ಒರಗಿಸಿ, ಅವಳು ನೋಡುತ್ತಿರುವಾಗಲೇ ಚಿವುಟಬೇಕೆಂದು ಕುಡಿಯನ್ನು ಉಗುರಿನ ನಡುವೆ ಹಿಡಿದೆ.

“ಲತಾ, ಒಂದ್ನಿಮಿಷ” ಎಂದಳು. “ನಾನ್ ಬರಲ್ಲ ಕಣೆ.”

ಪರ್ಮಿಟ್ ಸಿಗಲಿಲ್ಲವಾ ಎಂದು ಕೇಳಿದೆ.

“ಸಿಗಬಹುದು. ಆದ್ರೆ ಎಲ್ಲ ಮೊದಲಿಂದ. ಅಲ್ಲಿ ನಾನಿದ್ದ ವರ್ಷಗಳೆಲ್ಲ ಝೀರೋ ಅಂತೆ, ಹೊಸಬಳ ಥರ ಶುರು ಮಾಡ್ಬೇಕಂತೆ. ಯಾರೋ ಮರೆತಿದ್ದಕ್ಕೆ ನಾನ್ಯಾಕೆ ಹೊಸಬಳಾಗ್ಲಿ? ಇಲ್ಲೇ ಕೆಲಸ ಒಪ್ಕೊಂಡೆ. ಮನೇನೂ ನೋಡಿದೀನಿ. ಬಾಲ್ಕನಿ ಇದೆ, ಇಲ್ಲಿ ಕಡ್ಡಿ ನೆಟ್ರೂ ಬರುತ್ತೆ. ಆ ಗಿಡ ನಿಂದೇ ಇನ್ಮೇಲೆ.”

ಒಳ್ಳೇದಾಯ್ತು ಬಿಡು ಎಂದೆ. ಒಳ್ಳೆಯದೇ ಆಗಿತ್ತು, ಅವಳ ದನಿಯಲ್ಲಿ ಎಷ್ಟೋ ದಿನದ ಮೇಲೆ ನೆಮ್ಮದಿ ಇತ್ತು. ಕುಡಿ ಇನ್ನೂ ನನ್ನ ಉಗುರಿನ ನಡುವೆಯೇ ಇತ್ತು, ಬಿಟ್ಟೆ. ಇನ್ನು ಅದನ್ನು ತೊಡೆಯ ಮೇಲಿಟ್ಟುಕೊಂಡು ಯಾರೂ ಯಾವ ರೈಲೂ ಹತ್ತುವುದಿಲ್ಲ, ಎಷ್ಟು ಎತ್ತರ ಬೇಕಾದರೂ ಬೆಳೆಯಬಹುದು ಎಂದುಕೊಂಡೆ. ಅಷ್ಟು ಅಂದುಕೊಳ್ಳುವಷ್ಟರಲ್ಲಿ ಅಳು ಬಂದುಬಿಟ್ಟಿತು.